ಬಾತ್ ನಗರದಲ್ಲಿ ಖಾಸಗಿ ಗೈಡ್ ಜೊತೆ ನಡಿಗೆ: ಅಪ್ಪ ಅಮ್ಮನೊಂದಿಗೆ ಹೋಗುವವರಿಗೆ ಉಪಯೋಗವಿದೆಯೇ?

ವಿದ್ಯಾನಗರದ ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟಿದ್ದೇನೆ. ತಮ್ಮ ಬ್ರಿಸ್ಟಲ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿಯಾದ ಬಾತ್ ನಗರಕ್ಕೆ ಒಂದು ದಿನ ಮೀಸಲಿಟ್ಟಿದ್ದೇವೆ. ಬಿಸಿನೀರಿನ ಬುಗ್ಗೆಯ ಮೇಲೆ ರೋಮನ್ನರು ಕಟ್ಟಿದ ಸ್ನಾನಗೃಹ, ಅದರ ಆಸುಪಾಸಿನಲ್ಲಿ ಹದಿನೆಂಟನೇ ಶತಮಾನದಲ್ಲಿ ಎದ್ದ ಊರು ನೋಡುವ ಆಸೆ.

ಅಪ್ಪ ನೀರಾವರಿ ಇಲಾಖೆಯಲ್ಲಿದ್ದವರು, ಭದ್ರಾ ನಾಲೆಯ ಮೇಲೆಯೇ ಬಹುಪಾಲು ಸೇವೆ. ಸಂತೇಬೆನ್ನೂರಿನ ಪುಷ್ಕರಣಿಗೆ ಹೋದರೆ ನಡುವಿನ ಮಂಟಪವನ್ನು ನೋಡುವ ಮೊದಲು ನೀರು ಯಾವ ಕಡೆಯಿಂದ ಬರುತ್ತದೆ, ಹೆಚ್ಚಾದರೆ ಎಲ್ಲಿಗೆ ಹೋಗುತ್ತದೆ ಎಂದು ನೋಡುವವರು. ಅಮ್ಮನಿಗೆ ಮಂಡಿ ನೋವು. ನಿಧಾನವಾಗಿ ಹೇಳಿದರೆ ಇಂಗ್ಲಿಷ್ ಅರ್ಥವಾಗುತ್ತದೆ, ಗಡಿಬಿಡಿಯಲ್ಲಿ ಹೇಳಿದರೆ ಸುಮ್ಮನಾಗಿಬಿಡುತ್ತಾರೆ.

ನಮ್ಮ ಮನೆಯವರಿಗಾಗಿಯೇ ಒಬ್ಬ ಗೈಡ್ ಗೊತ್ತು ಮಾಡಿಕೊಂಡರೆ ಒಳ್ಳೆಯದೇ? ನಾವೇ ಸುತ್ತಿದರೆ ಸಾಕೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹರಿಹರ ಸೇತುವೆ

ಅಕ್ಕ, ನಾನು ಓದಿದ್ದು ಅದೇ ಕಡೆ. ಹಣ ಕೊಡುವ ಮುನ್ನ ಒಂದು ವಿಷಯ ತಿಳಿದಿರಲಿ. ಬಾತ್‌ನಲ್ಲಿ ಮೇಯರ್ ಅವರ ಗೌರವ ಗೈಡ್‌ಗಳು ಎಂಬ ಸ್ವಯಂಸೇವಕರ ತಂಡವಿದೆ. 1934ರಿಂದ ನಡೆದುಕೊಂಡು ಬಂದಿರುವ ಸೇವೆ. ಸ್ನಾನಗೃಹಕ್ಕೆ ಅಂಟಿಕೊಂಡಿರುವ ಪಂಪ್ ರೂಮ್ ಎಂಬ ಹಳೆಯ ಕಟ್ಟಡದ ಎದುರಿನ ಅಂಗಳದಿಂದ ಹೊರಟು ಸುಮಾರು ಎರಡು ಗಂಟೆ ಊರು ತೋರಿಸುತ್ತಾರೆ. ಶುಲ್ಕವಿಲ್ಲ, ಕೈಗೆ ಇಟ್ಟರೂ ಭಕ್ಷೀಸು ತೆಗೆದುಕೊಳ್ಳುವುದಿಲ್ಲ. ತಮ್ಮ ಊರಿನ ಮೇಲಿನ ಅಭಿಮಾನಕ್ಕೆ ಬಂದು ನಿಲ್ಲುವ ಜನ. ನಾನು ಅವರೊಂದಿಗೆ ನಡೆದಿದ್ದೇನೆ, ಬಹಳ ಒಳ್ಳೆಯ ಅನುಭವ.

ಆದರೆ ಅದು ಗುಂಪಿನ ನಡಿಗೆ. ಅಮ್ಮನವರು ಕುಳಿತುಕೊಳ್ಳಬೇಕು ಎಂದಾಗ ಗುಂಪು ಕಾಯುವುದಿಲ್ಲ. ರೋಮನ್ ಸ್ನಾನಗೃಹದ ಒಳಗೆ ಅವರು ಕರೆದೊಯ್ಯುವುದೂ ಇಲ್ಲ, ಅದಕ್ಕೆ ಬೇರೆ ಟಿಕೆಟ್. ಊರು ಬೇರೆ ಏರುತಗ್ಗಿನದು. ನದಿ ಕೆಳಗೆ, ಚೆಂದದ ಮನೆಗಳ ಸಾಲುಗಳೆಲ್ಲ ಮೇಲೆ.

ನಿಟುವಳ್ಳಿ

ಸ್ನಾನಗೃಹದ ಟಿಕೆಟ್ ಜೊತೆಗೇ ಕಿವಿಗೆ ಹಿಡಿದು ಕೇಳುವ ಆಡಿಯೊ ಗೈಡ್ ಕೊಡುತ್ತಾರೆ, ಅದಕ್ಕೆ ಬೇರೆ ಹಣವಿಲ್ಲ. ಹೊರಗೆ ಊರು ತೋರಿಸಲು ಮೇಲೆ ಹೇಳಿದ ಸ್ವಯಂಸೇವಕರಿದ್ದಾರೆ. ಹೀಗಿರುವಾಗ ಗಂಟೆಯ ಲೆಕ್ಕದಲ್ಲಿ ಪೌಂಡ್ ಎಣಿಸುವುದು ಏಕೆ? ಅದೇ ದುಡ್ಡಿನಲ್ಲಿ ಇನ್ನೊಂದು ಊರು ನೋಡಬಹುದು. ಗೈಡ್ ಇಟ್ಟುಕೊಂಡರೆ ಅವರ ಹಿಂದೆ ನಾವು ಓಡಬೇಕು ಎಂಬುದು ನನ್ನ ಅನುಭವ. ಒಂದು ಪ್ರವಾಸಿ ಊರಿನಲ್ಲಿ ನಮ್ಮನ್ನು ಅಂಗಡಿಯಿಂದ ಅಂಗಡಿಗೆ ಕರೆದೊಯ್ದವರನ್ನು ನಾನು ಮರೆತಿಲ್ಲ.

ಏಳು ಸುತ್ತು, ಚಿತ್ರದುರ್ಗ

ಮೇಡಂ, ನಾನು ದುರ್ಗದ ಕೋಟೆಯಲ್ಲಿ ಬಂದವರಿಗೆ ದಾರಿ ತೋರಿಸಿ ಬದುಕುವವನು. ಬಾತ್ ನೋಡಿಲ್ಲ. ಆದರೆ ಗೈಡ್ ಕೆಲಸದ ಒಳಹೊರಗು ಬಲ್ಲೆ, ಆ ದೃಷ್ಟಿಯಿಂದ ಬರೆಯುತ್ತೇನೆ.

ಕೋಟೆಯ ಬಾಗಿಲಲ್ಲಿ ಬಸ್ಸಿನಿಂದ ಇಳಿದವರು ಮೊದಲು ಕೇಳುವುದು ಓಬವ್ವನ ಕಿಂಡಿ. ಅಲ್ಲಿ ಫೋಟೊ ತೆಗೆಸಿಕೊಂಡರೆ ಅವರ ಪಾಲಿಗೆ ಕೋಟೆ ಮುಗಿಯಿತು. ದೊಡ್ಡ ಗುಂಪನ್ನು ನಿಲ್ಲಿಸಿಕೊಂಡು ನೀರಿನ ವಿಷಯ ಹೇಳಲು ಆಗುವುದಿಲ್ಲ. ಅರ್ಧ ಜನ ಮುಂದೆ ಹೋಗಿರುತ್ತಾರೆ, ಅರ್ಧ ಜನ ಬಂಡೆ ಹತ್ತಿರುತ್ತಾರೆ. ಅದೇ ಒಂದು ಮನೆಯವರು ಬಂದು, ಇಷ್ಟು ಎತ್ತರದಲ್ಲಿ ಇಷ್ಟು ಜನ ಹೇಗೆ ಬದುಕಿದ್ದರು ಎಂದು ಕೇಳಿದರೆ ಆ ದಿನ ನಾನು ತೋರಿಸುವ ಕೋಟೆಯೇ ಬೇರೆ. ಮೇಲೆ ಬಂಡೆಗಳ ನಡುವೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತದೆ. ಅದು ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಈ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ಕಾಲಿನಲ್ಲೇ ಅಳೆದು ತೋರಿಸಬಹುದು. ಹಾಗೆ ನೋಡಿದವರು ಏಳು ಸುತ್ತಿನ ಗೋಡೆಗಿಂತ ಈ ಹೊಂಡಗಳೇ ಕೋಟೆಯನ್ನು ಕಾದವು ಎಂದು ತಾವಾಗಿಯೇ ಹೇಳುತ್ತಾರೆ.

ಆದ್ದರಿಂದ ಗೈಡ್ ಗೊತ್ತು ಮಾಡಿಕೊಳ್ಳಿ. ಆದರೆ ಗೊತ್ತು ಮಾಡುವಾಗಲೇ ನಿಮ್ಮ ತಂದೆ ಯಾರು, ತಾಯಿಯವರಿಗೆ ಎಷ್ಟು ಹೊತ್ತು ನಿಲ್ಲಲು ಆಗುತ್ತದೆ, ಮನೆಯವರಿಗೆ ಯಾವುದರಲ್ಲಿ ಆಸಕ್ತಿ ಎಂದು ಬರೆದು ಕಳುಹಿಸಿ. ಉತ್ತರ ಹೇಗೆ ಬರುತ್ತದೆ ನೋಡಿ. ಎಲ್ಲರಿಗೂ ಕಳುಹಿಸುವ ಪಟ್ಟಿಯನ್ನೇ ನಿಮಗೂ ಕಳುಹಿಸಿದರೆ ಬೇರೊಬ್ಬರನ್ನು ಹುಡುಕಿ. ತಿರುಗಿ ನಿಮ್ಮನ್ನೇ ಎರಡು ಪ್ರಶ್ನೆ ಕೇಳಿದರೆ ಅವರೇ ಸರಿ. ಟಿಕೆಟ್ ಶುಲ್ಕದಲ್ಲಿ ಸೇರಿದೆಯೇ, ಸ್ನಾನಗೃಹದ ಒಳಗೂ ಜೊತೆಗೆ ಬರುತ್ತಾರೆಯೇ, ಮಳೆ ಬಂದರೆ ಏನು ಮಾಡುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಮಾತು. ನಡುನಡುವೆ ಸುಮ್ಮನಿರಬಲ್ಲ ಗೈಡ್ ಸಿಕ್ಕರೆ ಬಿಡಬೇಡಿ. ಕಲ್ಲಿನ ಮುಂದೆ ನಿಂತವರಿಗೆ ನೋಡಲು ಬಿಡಬೇಕು. ಈ ಕೆಲಸದಲ್ಲಿ ಅದನ್ನು ಕಲಿಯುವುದೇ ಕಷ್ಟ.

ಜೋಗಿಮಟ್ಟಿ

ನಾನು ಭೂವಿಜ್ಞಾನ ಕಲಿಸುವವನು. ನಿಮ್ಮ ತಂದೆಯವರಿಗೆ ಹೊರಡುವ ಮುನ್ನವೇ ಇದನ್ನು ಓದಿ ಹೇಳಿ.

ದುರ್ಗದ ಹೊಂಡಗಳಲ್ಲಿ ಇರುವುದು ಮೇಲೆ ಬಿದ್ದ ಮಳೆಯನ್ನು ತಡೆದು ನಿಲ್ಲಿಸಿದ ನೀರು. ಬಾತ್‌ನದೂ ಮಳೆಯ ನೀರೇ, ಆದರೆ ಅದು ಬಂದ ದಾರಿ ಬೇರೆ. ಮೆಂಡಿಪ್ ಬೆಟ್ಟಗಳ ಮೇಲೆ ಬಿದ್ದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತಾ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗುತ್ತದೆ. ಅಲ್ಲಿ ಜ್ವಾಲಾಮುಖಿ ಏನೂ ಇಲ್ಲ. ಆಳಕ್ಕೆ ಹೋದಷ್ಟೂ ಭೂಮಿ ಬಿಸಿ, ಆ ಬಿಸಿಗೆ ನೀರು ಕಾಯುತ್ತದೆ. ಕಾದ ನೀರು ಒತ್ತಡಕ್ಕೆ ಸಿಕ್ಕಿ, ಬಂಡೆಯ ಸೀಳುಗಳ ಮೂಲಕ ಸರಿಯಾಗಿ ಬಾತ್ ಊರಿನ ಕೆಳಗೆ ಮೇಲೇಳುತ್ತದೆ. ಬುಗ್ಗೆಗಳು ಮೂರು. ದೊಡ್ಡದಾದ ರಾಜನ ಬುಗ್ಗೆಯಲ್ಲಿ ನೀರಿನ ಬಿಸಿ ಸುಮಾರು 46 ಡಿಗ್ರಿ ಸೆಲ್ಸಿಯಸ್, ದಿನಕ್ಕೆ ಸುಮಾರು 11.7 ಲಕ್ಷ ಲೀಟರ್. ಸೆಕೆಂಡಿಗೆ ಹದಿಮೂರೂವರೆ ಲೀಟರ್ ಆಯಿತು. ರೋಮನ್ನರ ಕಾಲದಿಂದ ಇಂದಿನವರೆಗೆ ಹಗಲು ರಾತ್ರಿ ಹರಿಯುತ್ತಲೇ ಇದೆ.

ಗೈಡ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟು ನೀರು ನಿಲ್ಲದೆ ಬರುತ್ತಿದ್ದರೆ, ರೋಮನ್ನರು ಬುಗ್ಗೆಯ ನೆತ್ತಿಯ ಮೇಲೆಯೇ ಕಟ್ಟಡ ಕಟ್ಟಿದ್ದು ಹೇಗೆ, ಹೆಚ್ಚಾದ ನೀರನ್ನು ಸಾಗಿಸಿದ್ದು ಎಲ್ಲಿಗೆ?

ವಿದ್ಯಾನಗರದ ಮಗಳು, ದಾವಣಗೆರೆ

ಎಲ್ಲರಿಗೂ ಧನ್ಯವಾದ. ದುರ್ಗದ ಅಣ್ಣನವರು ಹೇಳಿದಂತೆಯೇ ಬರೆದು ಕಳುಹಿಸಿದೆ. ಒಬ್ಬ ಮಹಿಳಾ ಗೈಡ್ ಮರುದಿನವೇ ಉತ್ತರಿಸಿ, ತಾಯಿಯವರಿಗೆ ಹತ್ತುವುದು ಕಷ್ಟವೋ ಇಳಿಯುವುದು ಕಷ್ಟವೋ, ತಂದೆಯವರಿಗೆ ಕಟ್ಟಡ ಮುಖ್ಯವೋ ನೀರಿನ ವ್ಯವಸ್ಥೆ ಮುಖ್ಯವೋ ಎಂದು ಕೇಳಿದ್ದಾರೆ. ಅರ್ಧ ದಿನಕ್ಕೆ ಅವರನ್ನೇ ಗೊತ್ತು ಮಾಡಿದ್ದೇನೆ. ಬಂದ ಮೇಲೆ ಬರೆಯುತ್ತೇನೆ.

ಹರಿಹರ ಸೇತುವೆ

ಒಳ್ಳೆಯದಾಯಿತು ಅಕ್ಕ. ಅಮ್ಮನವರಿಗೆ ಮೆತ್ತನೆಯ ಅಡಿಯ ಶೂ ಹಾಕಿಸಿ. ಸ್ನಾನಗೃಹದ ಒಳಗೆ ಲಿಫ್ಟ್ ಇದೆ, ಆದರೆ ಕೆಳಗಿನ ರೋಮನ್ ನೆಲಗಟ್ಟು ಉಬ್ಬುತಗ್ಗು.

ವಿದ್ಯಾನಗರದ ಮಗಳು, ದಾವಣಗೆರೆ

ಊರಿಗೆ ಬಂದೆವು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಅನುಕೂಲವಾಗಲಿ.

ಗೈಡ್ ಮಾಡಿದ ಮೊದಲ ಉಪಕಾರ ದಾರಿಯನ್ನು ತಿರುವುಮುರುವು ಮಾಡಿದ್ದು. ಎಲ್ಲರೂ ರೈಲು ನಿಲ್ದಾಣದಿಂದ ಕೆಳಗಿನ ಸ್ನಾನಗೃಹಕ್ಕೆ ಹೋಗಿ, ಆಮೇಲೆ ಮೇಲಕ್ಕೆ ಹತ್ತುತ್ತಾರೆ. ಅವರು ನಮ್ಮನ್ನು ಟ್ಯಾಕ್ಸಿಯಲ್ಲಿ ನೇರವಾಗಿ ಮೇಲಿನ ರಾಯಲ್ ಕ್ರೆಸೆಂಟ್‌ಗೆ ಕರೆದೊಯ್ದರು. ಅಲ್ಲಿಂದ ಬ್ರಾಕ್ ಬೀದಿ, ಸರ್ಕಸ್, ಗೇ ಬೀದಿ, ಕ್ವೀನ್ ಚೌಕ ಎಂದು ಇಳಿಯುತ್ತಾ ಬಂದರೆ ದೊಡ್ಡ ಏರು ಎಲ್ಲಿಯೂ ಇಲ್ಲ. ಅಮ್ಮ ಎಲ್ಲಿ ಕುಳಿತುಕೊಳ್ಳಬಹುದು ಎಂಬುದು ಅವರಿಗೆ ಬೆಂಚು ಬೆಂಚು ಗೊತ್ತಿತ್ತು.

ರಾಯಲ್ ಕ್ರೆಸೆಂಟ್ ಎಂದರೆ ಅರ್ಧಚಂದ್ರಾಕಾರದಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ 30 ಮನೆಗಳು, ಮುಂದೆ 114 ಕಂಬಗಳು. ಕಿರಿಯ ಜಾನ್ ವುಡ್ 1767ರಿಂದ 1774ರವರೆಗೆ ಕಟ್ಟಿಸಿದ್ದು. ಜೇನಿನ ಬಣ್ಣದ ಸುಣ್ಣಕಲ್ಲು, ಅದೇ ಊರಿನ ಪಕ್ಕದ ಗಣಿಗಳದ್ದು. ಮುಂದಿನಿಂದ ನೋಡಿದರೆ ಒಂದೇ ಅರಮನೆ. ನಾವು ಫೋಟೊ ತೆಗೆದುಕೊಂಡು ಹೊರಡುವಷ್ಟರಲ್ಲಿ ಗೈಡ್ ಹಿಂದಿನ ಗಲ್ಲಿಗೆ ಕರೆದೊಯ್ದರು. ಅಲ್ಲಿ ಒಂದು ಮನೆಯ ಗೋಡೆ ಮುಂದೆ ಬಂದಿದೆ, ಇನ್ನೊಂದು ಹಿಂದೆ ಸರಿದಿದೆ, ಕಿಟಕಿಗಳು ಒಂದೊಂದು ಎತ್ತರದಲ್ಲಿ, ಚಾವಣಿಯೂ ಏರುಪೇರು. ವುಡ್ ಕೊಟ್ಟದ್ದು ಮುಂದಿನ ಗೋಡೆಯ ನಕ್ಷೆ ಮಾತ್ರ; ಅದರ ಹಿಂದೆ ಜಾಗ ಕೊಂಡವರು ತಮ್ಮ ತಮ್ಮ ಮೇಸ್ತ್ರಿಗಳಿಂದ ಬೇಕಾದಂತೆ ಕಟ್ಟಿಸಿಕೊಂಡರು. ಅಮ್ಮ ಇಡೀ ದಿನ ಇದನ್ನೇ ಹೇಳುತ್ತಿದ್ದರು. ನಾವಾಗಿಯೇ ಹೋಗಿದ್ದರೆ ಆ ಗಲ್ಲಿಗೆ ಕಾಲಿಡುತ್ತಿರಲಿಲ್ಲ.

ಸರ್ಕಸ್ ಎಂಬುದು ವೃತ್ತಾಕಾರದ ಮನೆಗಳ ಸಾಲು. ಹಿರಿಯ ಜಾನ್ ವುಡ್ ನಕ್ಷೆ ಬರೆದದ್ದು. 1754ರಲ್ಲಿ ಕೆಲಸ ಆರಂಭವಾದ ಕೆಲವೇ ತಿಂಗಳಲ್ಲಿ ಆತ ತೀರಿಕೊಂಡ, ಮಗ ಮುಗಿಸಿದ. ಮನೆಗಳ ಮೇಲಿನ ಕಲ್ಲಿನ ಪಟ್ಟಿಯಲ್ಲಿ ಹಾವು, ವಾದ್ಯ, ಕಸುಬಿನ ಉಪಕರಣ ಹೀಗೆ ನೂರಾರು ಸಣ್ಣ ಕೆತ್ತನೆಗಳಿವೆ. ಗೈಡ್ ತಮ್ಮ ಚೀಲದಿಂದ ಪುಟ್ಟ ದೂರದರ್ಶಕ ತೆಗೆದು ಅಮ್ಮನ ಕೈಗೆ ಕೊಟ್ಟರು. ದೊಡ್ಡ ಚರ್ಚಿನ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೋಡೆಯ ಮೇಲೆ ಏಣಿ ಹತ್ತುವ ದೇವದೂತರ ಕೆತ್ತನೆ ಚೆನ್ನಾಗಿದೆ; ಕೆಲವರು ತಲೆಕೆಳಗಾಗಿ ಇಳಿಯುತ್ತಿದ್ದಾರೆ.

ಮಧ್ಯಾಹ್ನದ ಮೇಲೆ ರೋಮನ್ ಸ್ನಾನಗೃಹ. ಇಲ್ಲಿ ಹೇಳಬೇಕಾದದ್ದು ಬಹಳವಿದೆ.

ಮೇಲಿನ ಜಗಲಿಯಿಂದ ಬಗ್ಗಿ ನೋಡಿದರೆ ಹಸಿರು ನೀರಿನ ದೊಡ್ಡ ಕೊಳ, ಸುತ್ತ ಕಂಬಗಳು, ಮೇಲೆ ರೋಮನ್ ಚಕ್ರವರ್ತಿಗಳ ಪ್ರತಿಮೆಗಳು. ಎಲ್ಲವೂ ಎರಡು ಸಾವಿರ ವರ್ಷ ಹಳೆಯದು ಎಂದುಕೊಂಡಿದ್ದೆವು. ಗೈಡ್ ಕೆಳಗೆ ಕರೆದೊಯ್ದು ಒಂದು ಕಂಬದ ಬುಡದಲ್ಲಿ ಕುಳಿತರು. ಬುಡದ ಕಲ್ಲು ಸವೆದು, ಕರಗಿದ ಬೆಲ್ಲದ ಅಚ್ಚಿನಂತೆ ಅಂಚು ಕಳೆದುಕೊಂಡಿದೆ. ಅದರ ಮೇಲೆ ನಿಂತ ಕಂಬ ಚೂಪು ಅಂಚಿನದು. ಇಲ್ಲಿಯವರೆಗೆ ರೋಮನ್ನರದು, ಇದರಿಂದ ಮೇಲಿನದೆಲ್ಲ ವಿಕ್ಟೋರಿಯಾ ರಾಣಿಯ ಕಾಲದ್ದು ಎಂದು ಬೆರಳಿಟ್ಟು ತೋರಿಸಿದರು. ಪ್ರತಿಮೆಗಳ ಜಗಲಿ ಜನರಿಗೆ ತೆರೆದದ್ದು 1897ರಲ್ಲಿ. ರೋಮನ್ನರು ಹೋದ ಮೇಲೆ ಸ್ನಾನಗೃಹ ಕುಸಿದು ಹೂಳಿನಡಿ ಸೇರಿತ್ತು. ಅದರ ಮೇಲೆ ಮನೆಗಳು ಎದ್ದವು. 1878ರ ಸುಮಾರಿಗೆ, ರಾಜನ ಬುಗ್ಗೆಯ ಮೇಲೆ ರೋಮನ್ನರ ನಂತರದವರು ಕಟ್ಟಿದ್ದ ರಾಜನ ಕೊಳದಿಂದ ನೀರು ಸೋರುತ್ತದೆ ಎಂದು ನಗರದ ಸರ್ವೇಯರ್ ಚಾರ್ಲ್ಸ್ ಡೇವಿಸ್ ಅಗೆಸಿದಾಗ ಈ ದೊಡ್ಡ ಕೊಳ ಮತ್ತೆ ಬೆಳಕಿಗೆ ಬಂತು. ಸೋರಿಕೆ ಹುಡುಕಲು ಹೋಗಿ ಇಡೀ ಊರಿನ ಬುಡ ಸಿಕ್ಕಿದ್ದನ್ನು ಕೇಳಿ ಅಪ್ಪನ ಮುಖ ಅರಳಿತು.

ನೀರು ಹಸಿರಾಗಿರುವುದು ಪಾಚಿಯಿಂದ. ರೋಮನ್ನರ ಕಾಲದಲ್ಲಿ ಕೊಳದ ಮೇಲೆ ಕಮಾನು ಚಾವಣಿಯಿತ್ತು, ಬಿಸಿಲು ಬೀಳುತ್ತಿರಲಿಲ್ಲ. ಕೊಳದ ತಳಕ್ಕೆ ಸೀಸದ ತಗಡುಗಳನ್ನು ಹಾಸಿದ್ದಾರೆ, ಒಟ್ಟು 45. ಅವೇ ಹಳೆಯ ತಗಡುಗಳು ಇಂದಿಗೂ ನೀರು ಹಿಡಿದಿವೆ. ಆಳ 1.6 ಮೀಟರ್.

ಜೋಗಿಮಟ್ಟಿ ಸರ್ ಹೇಳಿಕೊಟ್ಟ ಪ್ರಶ್ನೆಯನ್ನು ಅಪ್ಪ ಕೇಳಿದ್ದು ಇಲ್ಲಿಯೇ. ಗೈಡ್ ಮಾತಿನಲ್ಲಿ ಉತ್ತರಿಸದೆ ನಮ್ಮನ್ನು ಬುಗ್ಗೆಯ ಕೋಡಿಯ ಬಳಿಗೆ ಕರೆದೊಯ್ದರು. ಒಂದು ಕಲ್ಲಿನ ಕಮಾನು, ಅದರ ಕೆಳಗೆ ಹಬೆಯಾಡುತ್ತಾ ಧುಮುಕುವ ನೀರು. ನೀರು ಹರಿಯುವ ಕಲ್ಲೆಲ್ಲ ಕಾವಿ ಬಣ್ಣ. ನೀರಿನಲ್ಲಿರುವ ಕಬ್ಬಿಣ ಅಂಟಿ ಹಾಗಾಗಿದೆ. ಹೆಚ್ಚಾದ ನೀರು ಈ ಕೋಡಿ ದಾಟಿ, ರೋಮನ್ನರೇ ಕಟ್ಟಿದ ನೆಲದಡಿಯ ಚರಂಡಿಯಲ್ಲಿ ಏವನ್ ನದಿಗೆ ಸೇರುತ್ತದೆ. ಬುಗ್ಗೆ ಉಕ್ಕುವ ಕೆಸರಿನಲ್ಲಿ ಓಕ್ ಮರದ ಗೂಟಗಳನ್ನು ಇಳಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿ ಸೀಸದಿಂದ ಮುಚ್ಚಿ, ನೀರನ್ನು ಒಂದು ತೊಟ್ಟಿಯಲ್ಲಿ ಏರಿಸಿ, ಅಲ್ಲಿಂದ ಕೊಳಗಳಿಗೆ ಬಿಟ್ಟಿದ್ದಾರೆ. ಹೂಳು ತಳದಲ್ಲಿ ನಿಂತರೆ ಹೊರಹಾಕಲು ತೂಬು ಇತ್ತು. ಅಪ್ಪ ಕೇಳಿದ್ದು: ತೂಬು ಯಾವ ಮಟ್ಟದಲ್ಲಿ, ಕೋಡಿ ಯಾವ ಮಟ್ಟದಲ್ಲಿ? ಗೈಡ್ ಚೀಲದಿಂದ ಅಡ್ಡಕೊಯ್ತದ ನಕ್ಷೆ ತೆಗೆದರು; ಅಪ್ಪನಿಗಾಗಿಯೇ ಮುದ್ರಿಸಿ ತಂದಿದ್ದರು. ಅಪ್ಪ ಕನ್ನಡಕ ಏರಿಸಿ ಅದನ್ನು ನೋಡುತ್ತಾ ನಿಂತರು, ಗೈಡ್ ಒಂದು ಮಾತೂ ಆಡಲಿಲ್ಲ. ಹಬೆಗೆ ನಮ್ಮ ಮೊಬೈಲ್ ಗಾಜು ಮಂಜಾಗುತ್ತಿತ್ತು.

ಅಮ್ಮನಿಗೆ ಹಿಡಿಸಿದ್ದು ಬೇರೆಯೇ. ಈ ಬುಗ್ಗೆಗೆ ಸುಲಿಸ್ ಎಂಬ ಸ್ಥಳೀಯ ದೇವತೆ ಇದ್ದಳು. ರೋಮನ್ನರು ಬಂದ ಮೇಲೆ ಅವಳನ್ನು ತೆಗೆದುಹಾಕಲಿಲ್ಲ. ತಮ್ಮ ಮಿನರ್ವಾಳನ್ನು ಅವಳೊಡನೆ ಸೇರಿಸಿ ಸುಲಿಸ್ ಮಿನರ್ವಾ ಎಂದು ಪೂಜಿಸಿದರು. ಅಮ್ಮ ತಕ್ಷಣ ಹರಿಹರೇಶ್ವರನ ಹೆಸರೆತ್ತಿದರು. ಒಂದೇ ಮೂರ್ತಿಯಲ್ಲಿ ಹರಿ ಅರ್ಧ, ಹರ ಅರ್ಧ, 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿ ನಮ್ಮೂರ ಪಕ್ಕದಲ್ಲೇ ಇದೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಗೈಡ್ ಪುಸ್ತಕ ತೆಗೆದು ಬರೆದುಕೊಂಡರು. ದೇವತೆಯ ಕಂಚಿನ ತಲೆ, ಮೇಲೆ ಚಿನ್ನದ ಲೇಪ, ಅಲ್ಲೇ ಗಾಜಿನ ಪೆಟ್ಟಿಗೆಯಲ್ಲಿದೆ. 1727ರಲ್ಲಿ ಚರಂಡಿ ಅಗೆಯುವ ಕೂಲಿಕಾರರಿಗೆ ಸಿಕ್ಕಿದ್ದು.

ಬುಗ್ಗೆಯ ಹೂಳಿನಲ್ಲಿ 12,000ಕ್ಕೂ ಹೆಚ್ಚು ರೋಮನ್ ನಾಣ್ಯಗಳು ಸಿಕ್ಕಿವೆ, ಭಕ್ತರು ಎಸೆದವು. ತುಂಗಭದ್ರೆಯ ಸೇತುವೆ ಬಂದಾಗ ಬಸ್ಸಿನ ಕಿಟಕಿಯಿಂದ ಕಾಸು ಎಸೆಯುವವರ ನಡುವೆ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಅಮ್ಮ ನಿಂತದ್ದು ಶಾಪದ ತಗಡುಗಳ ಮುಂದೆ. ಸೀಸದ ತೆಳು ತಗಡಿನ ಮೇಲೆ ಮೊಳೆಯಂಥದರಿಂದ ಗೀಚಿ, ಮಡಚಿ ಬುಗ್ಗೆಗೆ ಹಾಕಿದ ದೂರುಗಳು. ಸುಮಾರು 130 ಸಿಕ್ಕಿವೆ. ಬಹುಪಾಲು ಕಳ್ಳತನದ ದೂರು: ಸ್ನಾನಕ್ಕೆ ಇಳಿದಾಗ ಬಟ್ಟೆ ಹೋಯಿತು, ದುಡ್ಡು ಹೋಯಿತು. ಡೋಸಿಮಿಡಿಸ್ ಎಂಬವನದು ಎರಡು ಕೈಗವಸು ಹೋಗಿವೆ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ದೇವಿಗೆ ಬೇಡಿಕೊಂಡಿದ್ದಾನೆ. ಅಮ್ಮ ಅದನ್ನು ಕೇಳಿ, ತನ್ನ ತವರಿನಲ್ಲಿ ಕೋಳಿ ಕಳೆದುಕೊಂಡವರು ಗುಡಿಯ ಮುಂದೆ ಮಣ್ಣು ತೂರಿ ಬೈಯುತ್ತಿದ್ದುದನ್ನು ಹೇಳಲು ಶುರು ಮಾಡಿದರು. ನಾನು ಅನುವಾದಿಸುತ್ತಾ ಹೋದೆ. ಗೈಡ್ ಪಕ್ಕದ ಕಲ್ಲುಬೆಂಚಿನಲ್ಲಿ ಅಮ್ಮನ ಜೊತೆ ಕುಳಿತು ಪೂರ್ತಿ ಕೇಳಿದರು. ನಿಟುವಳ್ಳಿ ಸರ್, ಕಿವಿಯ ಯಂತ್ರ ಎಷ್ಟೇ ಚೆನ್ನಾಗಿ ಹೇಳಲಿ, ಅಮ್ಮನ ಮಾತು ಕೇಳಿಸಿಕೊಳ್ಳುವುದಿಲ್ಲ. ನಾನು ಕೊಟ್ಟ ಹಣ ಅಲ್ಲಿಗೆ ಸಂದಿತು.

ನಿಟುವಳ್ಳಿ

ಮೇಡಂ, ಓದಿ ಸಂತೋಷವಾಯಿತು. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ನಾಲ್ವರು ಹುಡುಗರು ಹೋದರೆ ಸ್ವಯಂಸೇವಕರ ನಡಿಗೆ, ಆಡಿಯೊ ಗೈಡ್ ಎರಡೂ ಸಾಕು. ಹಿರಿಯರಿದ್ದರೆ, ಅವರಿಗೆ ಕೇಳುವ ಮನಸ್ಸಿದ್ದರೆ ನೀವು ಮಾಡಿದ್ದು ಸರಿ. ಆ ನೀರಿನಲ್ಲಿ ಸ್ನಾನ ಮಾಡಿದಿರಾ? ಕುಡಿದಿರಾ?

ವಿದ್ಯಾನಗರದ ಮಗಳು, ದಾವಣಗೆರೆ

ರೋಮನ್ ಕೊಳದ ನೀರಿಗೆ ಕೈ ಹಾಕುವಂತೆಯೇ ಇಲ್ಲ. 1978ರಲ್ಲಿ ಬುಗ್ಗೆಯ ನೀರಿನ ಈಜುಕೊಳದಲ್ಲಿ ಈಜಿದ ಬಾಲಕಿಯೊಬ್ಬಳು ನೀರಿನಲ್ಲಿದ್ದ ಅಮೀಬಾದಿಂದ ಮೆದುಳಿನ ಸೋಂಕು ತಗುಲಿ ತೀರಿಕೊಂಡಳು. ಅಂದಿನಿಂದ ಊರಿನಲ್ಲಿ ಸಾರ್ವಜನಿಕ ಸ್ನಾನವೇ ನಿಂತುಹೋಗಿತ್ತು. ಆಳದ ಕೊಳವೆಗಳಿಂದ ಶುದ್ಧ ನೀರು ತೆಗೆದು, 2006ರಲ್ಲಿ ಥರ್ಮೆ ಬಾತ್ ಸ್ಪಾ ತೆರೆದ ಮೇಲೆ ಮತ್ತೆ ಶುರುವಾಗಿದೆ. ಅಲ್ಲಿ ಚಾವಣಿಯ ಮೇಲೆಯೂ ಬಿಸಿನೀರಿನ ಕೊಳವಿದೆ. 16 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಮಕ್ಕಳೊಂದಿಗೆ ಹೋಗುವವರು ಗಮನಿಸಿ. ನಾವು ಹೋಗಲಿಲ್ಲ, ಅಮ್ಮನಿಗೆ ಈಜುಡುಗೆ ಒಪ್ಪಿಗೆಯಿಲ್ಲ.

ಕುಡಿಯಲು ಶುದ್ಧೀಕರಿಸಿದ ಬುಗ್ಗೆಯ ನೀರು ನಡಿಗೆಯ ಕೊನೆಯಲ್ಲಿ ಸಿಗುತ್ತದೆ. ಬೆಚ್ಚಗೆ, ಸ್ವಲ್ಪ ಕಬ್ಬಿಣದ ರುಚಿ. ನಲವತ್ತಕ್ಕೂ ಹೆಚ್ಚು ಖನಿಜಗಳಿವೆಯಂತೆ. ಅಮ್ಮ ಲೋಟದಿಂದ ಅಂಗೈಗೆ ಸುರಿದುಕೊಂಡು ತೀರ್ಥದಂತೆ ತೆಗೆದುಕೊಂಡರು, ಉಳಿದದ್ದನ್ನು ತಲೆಗೆ ಸವರಿಕೊಂಡರು.

ಓದುವ ಹುಡುಗ, ಜಗಳೂರು

ಅಕ್ಕ, ನನ್ನದೊಂದು ಪ್ರಶ್ನೆ. ಅಷ್ಟು ಭವ್ಯವಾದ ಊರು ಕಟ್ಟಲು ದುಡ್ಡು ಎಲ್ಲಿಂದ ಬಂತು ಎಂದು ಆ ಗೈಡ್ ಹೇಳಿದರೇ? ಅದೇ ಕಾಲದಲ್ಲಿ ಇಂಗ್ಲೆಂಡ್ ಗುಲಾಮರ ವ್ಯಾಪಾರದಲ್ಲಿತ್ತು, ನಮ್ಮ ದೇಶದಲ್ಲಿ ಕಂಪನಿಯ ಆಳ್ವಿಕೆ ಬೇರೂರುತ್ತಿತ್ತು.

ವಿದ್ಯಾನಗರದ ಮಗಳು, ದಾವಣಗೆರೆ

ಕೇಳಿದ್ದಕ್ಕೆ ಸಂತೋಷ ತಮ್ಮ. ನಾವು ಕೇಳುವ ಮೊದಲೇ ಅವರು ಹೇಳಿದರು. ಏವನ್ ನದಿಯ ಮೇಲೆ ಪಲ್ಟ್ನಿ ಸೇತುವೆ ಇದೆ. ರಾಬರ್ಟ್ ಆಡಮ್ ನಕ್ಷೆ, 1774ರಲ್ಲಿ ಮುಗಿದದ್ದು. ಎರಡೂ ಬದಿ ಅಂಗಡಿಗಳಿರುವುದರಿಂದ ಅದರ ಮೇಲೆ ನಡೆಯುವಾಗ ಕೆಳಗೆ ನದಿಯಿದೆ ಎಂದೇ ತಿಳಿಯುವುದಿಲ್ಲ. ಅಲ್ಲಿ ನಿಂತು, ಈ ಸೇತುವೆ ಕಟ್ಟಿಸಿದ ಮನೆತನಕ್ಕೆ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ದುಡಿಯುತ್ತಿದ್ದ ತೋಟಗಳಿದ್ದವು ಎಂದರು. ಬಾತ್‌ಗೆ ಬಂದು ಬುಗ್ಗೆಯ ನೀರು ಕುಡಿದು, ನೃತ್ಯಕೂಟ, ಜೂಜಾಟಗಳಲ್ಲಿ ಕಾಲ ಕಳೆಯುತ್ತಿದ್ದ ಶ್ರೀಮಂತರಲ್ಲಿ ಸಕ್ಕರೆ ತೋಟದ ಒಡೆಯರೂ ಇದ್ದರು, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಗಳಿಸಿ ಮರಳಿದವರೂ ಇದ್ದರು. ತಮ್ಮ ಊರಿನ ಬಗ್ಗೆ ಇದನ್ನು ಮುಚ್ಚಿಡದೆ ಹೇಳಿದ ಮೇಲೆ ಅವರ ಮೇಲಿನ ಗೌರವ ನನಗೆ ಹೆಚ್ಚಾಯಿತು. ಸೇತುವೆಯ ಕೆಳಗೆ ಬಿಲ್ಲಿನಂತೆ ಬಾಗಿದ ಒಡ್ಡು ಇದೆ. ಅಪ್ಪನನ್ನು ಅಲ್ಲಿಂದ ಎಬ್ಬಿಸುವುದು ಕಷ್ಟವಾಯಿತು.

ಏಳು ಸುತ್ತು, ಚಿತ್ರದುರ್ಗ

ಮೇಡಂ, ನಿಮ್ಮ ಬರಹವನ್ನು ನಮ್ಮ ಇತರ ಗೈಡ್‌ಗಳಿಗೂ ಓದಿ ಹೇಳಿದೆ. ಆ ಸೇತುವೆ, ಅರ್ಧಚಂದ್ರದ ಮನೆಗಳು ಮುಗಿದದ್ದು 1774 ಎಂದಿರಿ. ಅದಾದ ಐದೇ ವರ್ಷಕ್ಕೆ, 1779ರಲ್ಲಿ ನಮ್ಮ ಕೋಟೆ ಹೈದರಾಲಿಯ ವಶವಾಯಿತು, ಮದಕರಿ ನಾಯಕರು ಸೆರೆಯಾದರು. ಇನ್ನು ಮುಂದೆ ಹೊರದೇಶದವರು ಬಂದಾಗ ಈ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ಇನ್ನೊಂದು ಸಂಗತಿ ನಿಮ್ಮ ತಂದೆಯವರಿಗೆ ತಿಳಿಸಿ. ಕೋಟೆಯ ಹಿಂದಿನ ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಅಲ್ಲಿ ಅಗೆಸಿದ ಮಾರ್ಟಿಮರ್ ವೀಲರ್ ಇಂಗ್ಲೆಂಡಿನ ರೋಮನ್ ನೆಲೆಗಳನ್ನೂ ಅಗೆದವರು. ಬಾತ್‌ನ ಬುಗ್ಗೆಗೆ ರೋಮನ್ನರು ಕಾಸು ಎಸೆಯುತ್ತಿದ್ದ ಆ ಶತಮಾನಗಳಲ್ಲಿ ಅವರ ಬೆಳ್ಳಿ ನಮ್ಮ ಕೆರೆಯಂಗಳದವರೆಗೂ ಬಂದಿತ್ತು. ಚಂದ್ರವಳ್ಳಿಗೆ ಬರುವವರಲ್ಲಿ ಹೆಚ್ಚಿನವರು ಅಂಕಲಿ ಮಠದ ಗುಹೆ ಹೊಕ್ಕು ಬಂದು ಹೊರಟುಬಿಡುತ್ತಾರೆ. ಇದನ್ನು ಕೇಳುವವರು ಸಿಕ್ಕರೆ ನನಗೆ ಅದೇ ಹಬ್ಬ.

ಜೋಗಿಮಟ್ಟಿ

ನಾಣ್ಯಗಳ ಮಾತು ನಿಜ. ಗೈಡ್ ಸರ್, ನೀವು ನೀರನ್ನೇ ಹಿಡಿದು ಒಂದು ನಡಿಗೆ ಏರ್ಪಡಿಸಬಾರದೇಕೆ? ಕಿಂಡಿ, ಉಯ್ಯಾಲೆ ಕಂಬ ಎಲ್ಲ ಬದಿಗಿಟ್ಟು, ಹೊಂಡದಿಂದ ಹೊಂಡಕ್ಕೆ ಮಾತ್ರ. ಕಲ್ಲಿನ ವಿಷಯ ಹೇಳಲು ನಾನು ಬರುತ್ತೇನೆ.

ವಿದ್ಯಾನಗರದ ಮಗಳು, ದಾವಣಗೆರೆ

ಏರ್ಪಡಿಸಿದರೆ ಅಪ್ಪನ ಹೆಸರು ಮೊದಲು ಬರೆದುಕೊಳ್ಳಿ. ನಿಮ್ಮ ಪೂರ್ತಿ ಶುಲ್ಕ ತೆಗೆದುಕೊಳ್ಳಬೇಕು, ಪರಿಚಯವೆಂದು ಬಿಡಬಾರದು. ಬಾತ್‌ನಲ್ಲಿ ಪೌಂಡ್ ಕೊಟ್ಟವರು ನಮ್ಮ ಊರಿನ ಗೈಡ್ ಬಳಿ ಚೌಕಾಸಿ ಮಾಡುವುದು ನ್ಯಾಯವಲ್ಲ. ಅಮ್ಮನೂ ಬರುತ್ತಾರೆ. ಅವರಿಗೆ ಎಲ್ಲಿಯವರೆಗೆ ಹತ್ತಲು ಆಗಬಹುದು?

ಏಳು ಸುತ್ತು, ಚಿತ್ರದುರ್ಗ

ಖಂಡಿತ ಮಾಡೋಣ. ಮಳೆ ಬಿದ್ದು ಹೊಂಡಗಳು ತುಂಬಿದ ಮೇಲೆ ಒಂದು ಭಾನುವಾರ ಇಟ್ಟುಕೊಳ್ಳೋಣ, ನೀರು ಇಳಿಯುವುದನ್ನು ಕಣ್ಣಾರೆ ನೋಡಬಹುದು. ನೀವು ಮಾಡಿದಂತೆ ಮೇಲಿನಿಂದ ಕೆಳಗೆ ಬರುವುದು ಇಲ್ಲಿ ಆಗುವುದಿಲ್ಲ, ಕೋಟೆಯ ಒಳಗೆ ವಾಹನ ಬಿಡುವುದಿಲ್ಲ. ಅಮ್ಮನವರು ಮದ್ದು ಬೀಸುವ ಕಲ್ಲುಗಳವರೆಗೆ ಬಂದು ಅಲ್ಲಿ ನೆರಳಿನಲ್ಲಿ ಕುಳಿತಿರಲಿ, ಜೊತೆಗೆ ನಮ್ಮವರೊಬ್ಬರನ್ನು ಬಿಡುತ್ತೇನೆ. ತಂದೆಯವರನ್ನು ಗೋಪಾಲಸ್ವಾಮಿ ಹೊಂಡದವರೆಗೆ ಕರೆದೊಯ್ದು ತರುತ್ತೇನೆ. ಆಮೇಲೆ ಎಲ್ಲರೂ ಕೂಡಿ ಸಿಹಿನೀರು ಹೊಂಡ, ಸಂತೆಹೊಂಡ. ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ಬಂದುಬಿಡಿ. ಬಿಸಿಲೇರಿದರೆ ಬಂಡೆ ಕಾಯುತ್ತದೆ. ಮಂಗಗಳ ಕಾಟವಿದೆ, ತಿಂಡಿಯ ಕವರ್ ಕೈಯಲ್ಲಿ ಹಿಡಿಯಬೇಡಿ. ಹೊಂಡಗಳ ಮಟ್ಟದ ಒಂದು ನಕ್ಷೆ ಬರೆದು ತರುತ್ತೇನೆ; ತಪ್ಪಿದ್ದರೆ ತಂದೆಯವರು ತಿದ್ದಿಕೊಡಲಿ.